ತಲೆಗೆ ತಗುಲಿದ ಪೆಟ್ಟು ಮತ್ತು ನಿದ್ರಾಭಂಗ: ಮಾಜಿ ಸೈನಿಕರ ದಂಪತಿಗಳಿಗೆ ಒಂದು ಪಾಠ

ಹದಿನೈದು ಇಪ್ಪತ್ತು ವರ್ಷಗಳ ಕಾಲ ಸೈನ್ಯದಲ್ಲಿ ಸೇವೆ ಸಲ್ಲಿಸಿ, ನಲವತ್ತು ತುಂಬುವ ಆಸುಪಾಸಿನಲ್ಲಿಯೇ ನಿವೃತ್ತರಾಗಿ ಊರಿಗೆ ಮರಳುವ ಜವಾನರು ನಮ್ಮ ನಾಡಿನ ಹಲವು ಗ್ರಾಮಗಳಲ್ಲಿದ್ದಾರೆ. ಕೊಡಗಿನಲ್ಲಿಯೂ ಬೆಳಗಾವಿಯ ಕಡೆಯಲ್ಲಿಯೂ ಇಂತಹ ಮನೆಗಳಿಗೆ ಲೆಕ್ಕವಿಲ್ಲ. ಅಂತಹ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಯಜಮಾನರಿಗೆ ಸೇವೆಯಲ್ಲಿದ್ದಾಗ ಒಮ್ಮೆ ವಾಹನ ಉರುಳಿ ತಲೆಗೆ ಪೆಟ್ಟು ಬಿದ್ದಿತ್ತು. ಐದು ನಿಮಿಷ ಎಚ್ಚರ ತಪ್ಪಿತ್ತು; ಎರಡು ದಿನ ಆಸ್ಪತ್ರೆಯಲ್ಲಿದ್ದು ಕೆಲಸಕ್ಕೆ ಮರಳಿದರು. ತಲೆಯ ಚಿತ್ರ ತೆಗೆದು ನೋಡಿದಾಗ ಏನೂ ಕಾಣಲಿಲ್ಲ. ಈಗ ಊರಿಗೆ ಬಂದು ವರ್ಷವಾಗಿದೆ. ರಾತ್ರಿ ಹನ್ನೊಂದಕ್ಕೆ ಮಲಗಿದವರು ಒಂದು ಗಂಟೆಗೆ ಎದ್ದು ಕುಳಿತುಕೊಳ್ಳುತ್ತಾರೆ, ಬಾಗಿಲ ಅಗುಳಿಯನ್ನು ಮುಟ್ಟಿ ನೋಡುತ್ತಾರೆ, ಅಂಗಳದಲ್ಲಿ ಒಂದು ಸುತ್ತು ಹಾಕುತ್ತಾರೆ. ಹಗಲಿನಲ್ಲಿ ತಲೆನೋವು, ಮರೆವು, ಮಕ್ಕಳ ಗದ್ದಲ ಕೇಳಿದರೆ ಸಿಡುಕು. ಪತ್ನಿಗೆ ದಿಕ್ಕು ತೋರದು. ನೆರೆಯವರು ಕುಡಿತವೆನ್ನುತ್ತಾರೆ, ಅತ್ತೆಯವರು ದೃಷ್ಟಿಯೆನ್ನುತ್ತಾರೆ. ಪಟ್ಟಿ ಬಿಗಿದಿದ್ದ ತಲೆಯ ಗಾಯ ಎಂದೋ ಮಾಯ್ದಿರುವುದರಿಂದ ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ.

ಈ ಪಾಠವು ಅಂತಹ ದಂಪತಿಗಳಿಗಾಗಿ. ಗಾಡಿಯಿಂದ ಬಿದ್ದವರಿಗೆ, ಅಡಿಕೆ ಮರದಿಂದ ಜಾರಿದವರಿಗೆ, ಮೋಟಾರ್ ಸೈಕಲ್ ಅಪಘಾತವಾದವರಿಗೆ ಕೂಡ ಇದರಲ್ಲಿನ ಬಹುಭಾಗ ಅನ್ವಯಿಸುತ್ತದೆ. ಮಿದುಳಿಗೆ ಪೆಟ್ಟು ಯಾವ ನೆಲದಲ್ಲಿ ಬಿತ್ತೆಂಬ ಭೇದವಿಲ್ಲ.

ಲಘು ಪೆಟ್ಟು ಎಂದರೇನು?

ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರನ್ನು ನೆನೆಯಿರಿ. ಗಡಿಗೆಯನ್ನು ಒಮ್ಮೆಲೇ ಕುಲುಕಿದರೆ ಗಡಿಗೆ ಒಡೆಯುವುದಿಲ್ಲ. ಆದರೆ ಒಳಗಿನ ಮೊಸರು ಅಲ್ಲಲ್ಲಿ ಬಿರಿಯುತ್ತದೆ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮಿದುಳಿನ ಪಾಡೂ ಹೆಚ್ಚುಕಡಿಮೆ ಇದೇ. ವಾಹನ ಉರುಳಿದಾಗ, ಎತ್ತರದಿಂದ ಬಿದ್ದಾಗ, ಸಮೀಪದಲ್ಲಿ ಸಿಡಿಮದ್ದು ಸ್ಫೋಟಿಸಿ ಗಾಳಿಯ ಅಲೆ ಬಡಿದಾಗ, ಮಿದುಳಿನ ಸೂಕ್ಷ್ಮ ನರತಂತುಗಳು ಎಳೆತಕ್ಕೆ ಸಿಲುಕುತ್ತವೆ. ಆಸ್ಪತ್ರೆಯಲ್ಲಿ ತೆಗೆಯುವ ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಮೂಳೆಯ ಬಿರುಕು, ರಕ್ತಸ್ರಾವಗಳು ಕಾಣುತ್ತವೆಯೇ ಹೊರತು ಈ ಎಳೆತ ಕಾಣುವುದಿಲ್ಲ. ಆದುದರಿಂದ ‘ಚಿತ್ರದಲ್ಲಿ ಏನೂ ಇಲ್ಲ’ ಎಂದ ಮಾತ್ರಕ್ಕೆ ‘ರೋಗಿಗೆ ಏನೂ ಆಗಿಲ್ಲ’ ಎಂದರ್ಥವಲ್ಲ.

ಪೆಟ್ಟು ಬಿದ್ದಾಗ ಎಚ್ಚರ ತಪ್ಪಿದ್ದು ಅರ್ಧ ಗಂಟೆಯನ್ನು ಮೀರದೆ, ಆ ಹೊತ್ತಿನ ಮರೆವು ಒಂದು ದಿನವನ್ನು ಮೀರದೆ ಇದ್ದರೆ ವೈದ್ಯರು ಅದನ್ನು ಲಘು ಎಂದು ಕರೆಯುತ್ತಾರೆ. ಎಚ್ಚರ ಸಂಪೂರ್ಣವಾಗಿ ತಪ್ಪದೆ, ಕೇವಲ ಕ್ಷಣಕಾಲ ದಿಗ್ಭ್ರಮೆಯಾದುದೂ ಇದರಲ್ಲಿ ಸೇರಬಹುದು. ‘ಲಘು’ ಎಂಬ ಮಾತು ಮೊದಲ ದಿನದ ಅಳತೆಯನ್ನು ಹೇಳುತ್ತದೆ. ಮುಂದಿನ ಕಷ್ಟದ ಅಳತೆಯನ್ನು ಹೇಳುವುದಿಲ್ಲ. ಬಹುಮಂದಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಗುಣ ಹೊಂದುತ್ತಾರೆಂಬುದು ಸಮಾಧಾನದ ಸಂಗತಿ. ಉಳಿದವರಲ್ಲಿ ತಲೆನೋವು, ತಲೆಸುತ್ತು, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಏಕಾಗ್ರತೆಯ ಕೊರತೆ ಮುಂತಾದವು ದೀರ್ಘಕಾಲ ಮುಂದುವರಿಯುತ್ತವೆ. ಅವೆಲ್ಲಕ್ಕೂ ನೀರೆರೆಯುವುದು ನಿದ್ರಾಭಂಗ. ನಿದ್ರೆ ಕೆಟ್ಟ ಮಾರನೆಯ ದಿನ ತಲೆನೋವು ಹೆಚ್ಚು, ಮರೆವು ಹೆಚ್ಚು, ಸಿಡುಕು ಹೆಚ್ಚು. ಮೊದಲು ನಿದ್ರೆಯನ್ನು ಸರಿಪಡಿಸಿದರೆ ಮಿಕ್ಕವು ಎಷ್ಟೋ ಹಗುರಾಗುತ್ತವೆ ಎಂಬುದರಿಂದಲೇ ಇದಕ್ಕೆ ಪ್ರತ್ಯೇಕ ಪಾಠ.

ಇದು ಹೊಸ ವ್ಯಾಧಿಯೇನೂ ಅಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ಗುಂಡುಗಳ ಸ್ಫೋಟಕ್ಕೆ ಸಿಕ್ಕಿದ ಸೈನಿಕರು ನಡುಗುತ್ತ, ನಿದ್ರೆಯಿಲ್ಲದೆ ಒದ್ದಾಡುತ್ತ ಇದ್ದುದನ್ನು ಕಂಡು 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯರು ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ಅದನ್ನು ವರ್ಣಿಸಿದರು. ಅದು ಮಿದುಳಿನ ಗಾಯವೋ ಮನಸ್ಸಿನ ಗಾಯವೋ ಎಂಬ ವಾದ ಅಂದೇ ಹುಟ್ಟಿತು. ಎರಡೂ ಒಂದೇ ದೇಹದಲ್ಲಿ ಕೂಡಿ ಇರಬಲ್ಲವೆಂಬುದೇ ಇಂದಿನ ತಿಳಿವಳಿಕೆ. ಅಮೆರಿಕದ ಸೈನ್ಯವು 2001ರಿಂದ ಆಫ್ಘಾನಿಸ್ತಾನದಲ್ಲಿಯೂ 2003ರಿಂದ ಇರಾಕಿನಲ್ಲಿಯೂ ಯುದ್ಧದಲ್ಲಿ ತೊಡಗಿದಾಗ ರಸ್ತೆಬದಿಯ ಸಿಡಿಮದ್ದುಗಳಿಂದ ಇಂತಹ ಗಾಯಗಳು ಬಹಳವಾಗಿ ಕಂಡುಬಂದವು. 2000ದಿಂದ ಈಚೆಗೆ ಆ ದೇಶದ 4 ಲಕ್ಷಕ್ಕೂ ಮಿಕ್ಕಿದ ಸೈನಿಕರಲ್ಲಿ ಮಿದುಳಿನ ಪೆಟ್ಟು ದಾಖಲಾಗಿದೆ. ಐದರಲ್ಲಿ ನಾಲ್ಕು ಪಾಲು ಲಘು ವರ್ಗದವು. ಗಮನಿಸಬೇಕಾದ ಸಂಗತಿಯೆಂದರೆ, ಇವುಗಳಲ್ಲಿ ಹೆಚ್ಚಿನವು ರಣರಂಗದಲ್ಲಿ ಆದವಲ್ಲ. ತರಬೇತಿ, ಆಟ, ಬೀಳುವಿಕೆ ಮತ್ತು ವಾಹನಗಳ ಅಪಘಾತಗಳಿಂದ ಆದವು.

ನಿದ್ರೆ ಏಕೆ ಕೆಡುತ್ತದೆ?

ಕಾರಣ ಒಂದೇ ಅಲ್ಲ. ಹಗಲು ರಾತ್ರಿಗಳ ಲೆಕ್ಕವಿಡುವ ಮಿದುಳಿನ ಭಾಗಗಳು ಪೆಟ್ಟಿನಿಂದ ತಾಳ ತಪ್ಪಬಹುದು. ಆಗ ನಡುರಾತ್ರಿ ಕಳೆದ ಮೇಲೆ ನಿದ್ರೆ ಹತ್ತಿ ಬೆಳಿಗ್ಗೆ ಹೊತ್ತೇರಿದರೂ ಎಚ್ಚರವಾಗುವುದಿಲ್ಲ. ತಲೆನೋವು, ಕತ್ತುನೋವು, ಕಿವಿಯೊಳಗಿನ ಗುಂಯ್ ಎಂಬ ಶಬ್ದ ಇವು ಮಲಗಿದಾಗಲೇ ಹೆಚ್ಚು ಬಾಧಿಸುತ್ತವೆ. ಕಂಡ ಭೀಕರ ದೃಶ್ಯಗಳು ಕನಸಾಗಿ ಬರುತ್ತವೆ. ಇವೆಲ್ಲಕ್ಕೆ ಮೇಲಾಗಿ, ಸೈನಿಕನ ದೇಹಕ್ಕೆ ವರ್ಷಗಳ ಪಹರೆಯ ಅಭ್ಯಾಸವಾಗಿದೆ. ಗಡಿಯ ಠಾಣೆಯಲ್ಲಿ ಎರಡು ಗಂಟೆ ನಿದ್ರೆ, ಎರಡು ಗಂಟೆ ಕಾವಲು. ಎಲೆ ಅಲುಗಿದರೆ ಎಚ್ಚರ. ಆ ಎಚ್ಚರವೇ ಅಲ್ಲಿ ಪ್ರಾಣ ಉಳಿಸಿತು. ಊರಿಗೆ ಬಂದ ಮೇಲೆ ಪಹರೆ ಮುಗಿಯಿತೆಂದು ಬುದ್ಧಿಗೆ ತಿಳಿದಿದೆ, ದೇಹಕ್ಕೆ ಯಾರೂ ತಿಳಿಸಿಲ್ಲ. ಬಾಗಿಲ ಅಗುಳಿಯನ್ನು ಮುಟ್ಟಿ ನೋಡುವವರನ್ನು ಹುಚ್ಚರೆಂದು ಹಳಿಯುವ ಮೊದಲು ಇದನ್ನು ನೆನೆಯತಕ್ಕದ್ದು.

ನಿದ್ರೆ ಕೆಟ್ಟ ಮೇಲೆ ಅದಕ್ಕೆ ಇನ್ನೊಂದು ಕಾರಣ ಸೇರುತ್ತದೆ: ನಿದ್ರೆ ಬಾರದೆಂಬ ಭಯ. ಸಂಜೆಯಾದೊಡನೆ ‘ಇಂದಾದರೂ ಮಲಗಲೇಬೇಕು’ ಎಂಬ ಹಟ. ಹಟದಿಂದ ಬರುವ ವಸ್ತುವಲ್ಲ ನಿದ್ರೆ. ಕರೆದಷ್ಟೂ ದೂರ ಸರಿಯುವ ಕರುವಿನಂತೆ ಅದು. ನಾವು ಸುಮ್ಮನೆ ಕುಳಿತರೆ ತಾನಾಗಿ ಹತ್ತಿರ ಬರುತ್ತದೆ.

ಮನಸ್ಸಿಗೂ ದೇಹಕ್ಕೂ ಸೇತುವೆ

ಮನಸ್ಸು ಹಾಗೂ ದೇಹ ಎರಡನ್ನೂ ಕೂಡಿಸಿ ನಡೆಸುವ ಹಲವು ಚಿಕಿತ್ಸಾಕ್ರಮಗಳನ್ನು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಪರೀಕ್ಷಿಸಲಾಗಿದೆ. ಅವುಗಳಲ್ಲಿ ಒಂದರ ಹೆಸರು ‘ಮೈಂಡ್-ಬಾಡಿ ಬ್ರಿಡ್ಜಿಂಗ್’, ಅಂದರೆ ಮನಸ್ಸು ದೇಹಗಳ ನಡುವೆ ಸೇತುವೆ ಕಟ್ಟುವುದು. ಇದನ್ನು ರೂಪಿಸಿದವರು ಸ್ಟ್ಯಾನ್ಲಿ ಬ್ಲಾಕ್ ಎಂಬ ಮನೋವೈದ್ಯರು. ಯೂಟಾ ವಿಶ್ವವಿದ್ಯಾನಿಲಯದ ಯೋಶಿಯೋ ನಕಾಮುರಾ ಮತ್ತು ಅವರ ಸಂಗಡಿಗರು ಸಾಲ್ಟ್ ಲೇಕ್ ನಗರದಲ್ಲಿ ನಿದ್ರೆ ಕೆಟ್ಟ 63 ಮಂದಿ ಮಾಜಿ ಸೈನಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಕ್ರಮವನ್ನೂ ಇನ್ನೊಂದು ಗುಂಪಿಗೆ ನಿದ್ರೆಯ ಸಾಮಾನ್ಯ ನಿಯಮಗಳನ್ನೂ ವಾರಕ್ಕೊಂದರಂತೆ ಎರಡು ಪಾಠಗಳಲ್ಲಿ ಕಲಿಸಿದರು. 2011ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಎರಡು ಗುಂಪಿನವರಿಗೂ ನಿದ್ರೆ ಉತ್ತಮಗೊಂಡಿತು. ಸೇತುವೆಯ ಕ್ರಮ ಕಲಿತವರಿಗೆ ಹೆಚ್ಚು ಉತ್ತಮಗೊಂಡಿತು, ಮೇಲಾಗಿ ಅವರಲ್ಲಿ ಯುದ್ಧದ ಆಘಾತದ ಲಕ್ಷಣಗಳೂ ತಗ್ಗಿದವು. ಇದೇ ಕ್ರಮವನ್ನು 1990-91ರ ಕೊಲ್ಲಿ ಯುದ್ಧದಲ್ಲಿ ಪಾಲ್ಗೊಂಡವರ ಮೇಲೆ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಹೊರಬಂದಿತು. ಮಿದುಳಿಗೆ ಲಘು ಪೆಟ್ಟು ತಗುಲಿದವರ ನಿದ್ರೆಗೂ ಇದನ್ನು ಅನ್ವಯಿಸಿ ನೋಡುವ ಪ್ರಯತ್ನ ನಡೆದಿದೆ. ಈ ಪರೀಕ್ಷೆಗಳು ಚಿಕ್ಕವು, ರೋಗಿಗಳ ಸ್ವಂತ ಹೇಳಿಕೆಯನ್ನು ಅವಲಂಬಿಸಿದವು ಎಂಬುದನ್ನು ಮರೆಮಾಚಬಾರದು. ಆದರೂ ಖರ್ಚಿಲ್ಲದ, ಸಾಮಾನ್ಯವಾಗಿ ಕೆಡುಕು ಮಾಡದ ಉಪಾಯವಾದುದರಿಂದ ಇಲ್ಲಿ ವಿವರಿಸುವುದು ಯೋಗ್ಯವಾಗಿದೆ.

ಇದರ ತಿರುಳು ಹೀಗಿದೆ. ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ‘ನಾನು ಹೀಗಿರಬೇಕು, ಲೋಕ ಹೀಗಿರಬೇಕು’ ಎಂಬ ಕಟ್ಟಳೆಗಳಿರುತ್ತವೆ. ಕಟ್ಟಳೆ ಮುರಿದಾಗ ಮನಸ್ಸು ಕುದಿಯುತ್ತದೆ, ಒಡನೆಯೇ ದೇಹ ಬಿಗಿಯುತ್ತದೆ: ದವಡೆ ಕಚ್ಚುತ್ತದೆ, ಭುಜ ಏರುತ್ತದೆ, ಹೊಟ್ಟೆ ಗಂಟಾಗುತ್ತದೆ. ಕುದಿಯುವ ಮನಸ್ಸನ್ನು ಮಾತಿನಿಂದ ಗದರಿಸಿ ತಣಿಸಲಾಗದು. ಆದರೆ ಇಂದ್ರಿಯಗಳ ಕಡೆ ಗಮನ ತಿರುಗಿಸಿದರೆ ಆ ಕುದಿತಕ್ಕೆ ಉರಿ ತಗ್ಗುತ್ತದೆ.

ಮೊದಲ ಅಭ್ಯಾಸ, ಸದ್ದು ಕೇಳುವುದು. ಹಾಸಿಗೆಯ ಮೇಲೆ ಮಲಗಿ, ಸುತ್ತಲಿನ ಸದ್ದುಗಳನ್ನು ಒಂದೊಂದಾಗಿ ಕೇಳಬೇಕು. ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುವ ಸದ್ದು, ಫ್ಯಾನಿನ ಸದ್ದು, ದೂರದ ಕೀಟಗಳ ಸದ್ದು. ಅವು ಒಳ್ಳೆಯವೋ ಕೆಟ್ಟವೋ ಎಂದು ತೂಗಬೇಕಾಗಿಲ್ಲ, ಎಲ್ಲಿಂದ ಬಂತೆಂದು ಶೋಧಿಸಬೇಕಾಗಿಲ್ಲ. ಸೈನಿಕನು ಸದ್ದನ್ನು ಅಪಾಯಕ್ಕಾಗಿ ಆಲಿಸಿದ್ದಾನೆ. ಇಲ್ಲಿ ಆಲಿಸುವುದು ಕೇವಲ ಆಲಿಸುವುದಕ್ಕಾಗಿ. ಇದು ಮೇಲ್ನೋಟಕ್ಕೆ ಅಲ್ಪವೆನಿಸಿದರೂ ಪಹರೆಯ ಕಿವಿಯನ್ನು ಮನೆಯ ಕಿವಿಯಾಗಿ ತಿದ್ದುವ ಉಪಾಯ. ಸದ್ದು ಸಹಿಸದವರು ಇದರ ಬದಲು ಸ್ಪರ್ಶವನ್ನು ಹಿಡಿಯಬಹುದು: ಕಂಬಳಿಯ ಒರಟು, ದಿಂಬಿನ ತಂಪು, ಹೆಬ್ಬೆರಳು ತೋರುಬೆರಳನ್ನು ತೀಡಿದಾಗಿನ ಅನುಭವ.

ಎರಡನೆಯದು, ಯೋಚನೆಗೆ ಯೋಚನೆಯೆಂದು ಹೆಸರಿಡುವುದು. ‘ನಾಳೆ ಕೆಲಸಕ್ಕೆ ಆಗದು’ ಎಂದು ಮನಸ್ಸು ಹೇಳಿದಾಗ, ‘ನಾಳೆ ಕೆಲಸಕ್ಕೆ ಆಗದೆಂಬ ಒಂದು ಯೋಚನೆ ಬಂದಿದೆ’ ಎಂದು ತನಗೆ ತಾನೇ ಹೇಳಿಕೊಂಡು ಮರಳಿ ಸದ್ದಿನ ಕಡೆಗೆ ಹೋಗಬೇಕು. ಯೋಚನೆಯನ್ನು ಅಟ್ಟುವುದಲ್ಲ, ಅಂಗಳಕ್ಕೆ ಬಂದ ನೆಂಟನನ್ನು ನೋಡಿ ‘ಬಂದಿರಾ’ ಎಂದು ನಮ್ಮ ಕೆಲಸದಲ್ಲಿ ತೊಡಗಿದಂತೆ.

ಮೂರನೆಯದನ್ನು ಮಲಗುವ ವೇಳೆಗೆ ಮಾಡದೆ ಸಂಜೆಯ ಹೊತ್ತಿಗೆ ಮಾಡುವುದು ಲೇಸು. ಒಂದು ಕಾಗದದ ನಡುವೆ ದೊಡ್ಡ ಮೊಟ್ಟೆಯಾಕಾರವನ್ನು ಬರೆದು ಅದರೊಳಗೆ ‘ಇಂದು ರಾತ್ರಿ’ ಎಂದು ಬರೆಯಿರಿ. ಸುತ್ತಲೂ ಮನಸ್ಸಿಗೆ ಬಂದುದನ್ನು ತಿದ್ದದೆ ಎರಡು ಮೂರು ನಿಮಿಷ ಬರೆಯುತ್ತ ಹೋಗಿ. ದೇಹದಲ್ಲಿ ಎಲ್ಲಿ ಬಿಗಿತವಿದೆಯೆಂದು ಕೆಳಗೆ ಗುರುತು ಮಾಡಿ. ಅನಂತರ ಇನ್ನೊಂದು ಕಾಗದ ತೆಗೆದುಕೊಂಡು ಅದೇ ಆಕಾರ, ಅದೇ ಮಾತು ಬರೆಯಿರಿ. ಆದರೆ ಈ ಸಲ ಮೊದಲು ಒಂದು ನಿಮಿಷ ಸದ್ದುಗಳನ್ನು ಕೇಳಿ, ಬೆರಳಿನಲ್ಲಿ ಪೆನ್ನಿನ ಸ್ಪರ್ಶವನ್ನು ಅರಿಯುತ್ತ, ಶಾಯಿ ಕಾಗದಕ್ಕೆ ಇಳಿಯುವುದನ್ನು ನೋಡುತ್ತ ನಿಧಾನವಾಗಿ ಬರೆಯಿರಿ. ಎರಡು ಕಾಗದಗಳನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಬಹುಮಂದಿಗೆ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ: ಸಮಸ್ಯೆ ಅದೇ ಇದೆ, ಭುಜ ಮಾತ್ರ ಇಳಿದಿದೆ. ಬರೆಯಲು ಬಾರದವರು ಬಾಯಿಂದ ಹೇಳಬಹುದು. ಪತ್ನಿ ಕೇಳಬಹುದು, ಬುದ್ಧಿ ಹೇಳಬಾರದು.

ಯೋಗನಿದ್ರೆಯ ವಿಚಾರ

ಮೇಲಿನ ಕ್ರಮಕ್ಕೆ ಹತ್ತಿರದ ನಂಟು ನಮ್ಮ ದೇಶದ ಯೋಗನಿದ್ರೆಗೆ ಉಂಟು. ಬಿಹಾರದ ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿಯವರು ಅದನ್ನು ಇಂದಿನ ರೂಪದಲ್ಲಿ ಪ್ರಚಾರಪಡಿಸಿದರು. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮಿಲ್ಲರ್ ಯೋಗನಿದ್ರೆಯನ್ನು ಸೈನಿಕರಿಗೆ ಒಗ್ಗುವಂತೆ ಸರಳಗೊಳಿಸಿದರು. 2006ರ ಸುಮಾರಿಗೆ, ಅಂದು ವಾಷಿಂಗ್ಟನ್ನಿನಲ್ಲಿದ್ದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ಯುದ್ಧದಿಂದ ಮರಳಿದವರಿಗೆ ಅದನ್ನು ಕಲಿಸಿ ನೋಡಲಾಯಿತು. ನಮ್ಮ ನೆಲದ ಸರಕು ಹೊರದೇಶದ ಮುದ್ರೆ ಒತ್ತಿಸಿಕೊಂಡು ಬಂದರೇ ನಮಗೆ ಬೆಲೆ ತಿಳಿಯುವುದೆಂಬುದು ಬೇರೆ ಮಾತು.

ಮನೆಯಲ್ಲಿ ಮಾಡುವ ಸರಳ ಕ್ರಮ ಇಷ್ಟು. ಚಾಪೆಯ ಮೇಲೆ ಅಂಗಾತ ಮಲಗಿ, ಬಲಗೈ ಹೆಬ್ಬೆರಳಿನಿಂದ ಮೊದಲುಗೊಂಡು ಬೆರಳು, ಅಂಗೈ, ಮಣಿಕಟ್ಟು, ಮೊಣಕೈ, ಭುಜ, ಪಕ್ಕೆ, ತೊಡೆ, ಮೊಣಕಾಲು, ಪಾದ ಹೀಗೆ ಒಂದೊಂದು ಅಂಗದ ಮೇಲೆ ಗಮನವನ್ನು ಒಂದು ಉಸಿರಿನಷ್ಟು ಕಾಲ ಇರಿಸುತ್ತ ಇಡೀ ದೇಹವನ್ನು ಸುತ್ತಬೇಕು. ಮಿದುಳಿಗೆ ಪೆಟ್ಟು ಬಿದ್ದವರಿಗೆ ಕ್ರಮ ಮರೆತುಹೋಗುವುದುಂಟು. ಆಗ ಪತ್ನಿಯೇ ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ಅಂಗಗಳ ಹೆಸರು ಹೇಳುತ್ತ ಹೋಗಬಹುದು. ಹತ್ತು ನಿಮಿಷ ಸಾಕು. ಉಸಿರನ್ನು ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ ಬಿಡುವುದನ್ನು ಜೊತೆಗೆ ಸೇರಿಸಬಹುದು. ಉಸಿರು ಕಟ್ಟಿ ಹಿಡಿಯುವ ಅಭ್ಯಾಸ ಬೇಡ. ಶೀರ್ಷಾಸನ ಮುಂತಾಗಿ ತಲೆ ಕೆಳಗೆ ಮಾಡುವ ಆಸನಗಳನ್ನು ಇಂತಹವರು ಮಾಡತಕ್ಕದ್ದಲ್ಲ.

ಒಂದು ಎಚ್ಚರಿಕೆ. ಕೆಲವರಿಗೆ ಕಣ್ಣು ಮುಚ್ಚಿ ಸುಮ್ಮನೆ ಮಲಗಿದಾಗಲೇ ಹಳೆಯ ಭೀಕರ ದೃಶ್ಯಗಳು ನುಗ್ಗಿ ಬರುತ್ತವೆ, ಎದೆ ಹೊಡೆದುಕೊಳ್ಳುತ್ತದೆ. ಅಂತಹವರು ಕಣ್ಣು ತೆರೆದು, ಗೋಡೆಗೆ ಒರಗಿ ಕುಳಿತು, ದೀಪವಿಟ್ಟುಕೊಂಡು ಅಭ್ಯಾಸ ಮಾಡಲಿ. ಆಗಲೂ ಹೆಚ್ಚಿದರೆ ನಿಲ್ಲಿಸಿ ವೈದ್ಯರನ್ನು ಕಾಣಲಿ. ನಿಲ್ಲಿಸಿದರೆ ಸೋತಂತೆ ಎಂದು ಭಾವಿಸಬೇಕಾಗಿಲ್ಲ.

ಹಗಲಿನ ಶಿಸ್ತು

ಇಷ್ಟು ಮಾಡಿಯೂ, ಹಗಲೆಲ್ಲ ಮಲಗಿ ಸಂಜೆ ಮೂರು ಲೋಟ ಚಹಾ ಕುಡಿದರೆ ಫಲವಿಲ್ಲ. ದೀರ್ಘಕಾಲದ ನಿದ್ರಾಭಂಗಕ್ಕೆ ಮೊದಲು ಕೊಡಬೇಕಾದುದು ಮಾತ್ರೆಯಲ್ಲ, ನಡವಳಿಕೆಯನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಸ್ಪಷ್ಟವಾಗಿ ಸಲಹೆ ಮಾಡಿದೆ. ಅದರ ಮುಖ್ಯ ನಿಯಮಗಳು ಸೈನಿಕನಿಗೆ ಕಷ್ಟವಾಗಲಾರವು. ಮಲಗುವ ಹೊತ್ತು ಹಿಂದುಮುಂದಾದರೂ ಏಳುವ ಹೊತ್ತು ಒಂದೇ ಇರಬೇಕು. ಎದ್ದ ಕೂಡಲೇ ಅರ್ಧ ಗಂಟೆ ಬಿಸಿಲಿನಲ್ಲಿ ನಡೆಯಬೇಕು. ಮಿದುಳಿನ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಕಾಫಿ ಚಹಾಗಳು ಮಧ್ಯಾಹ್ನದ ಊಟದ ತರುವಾಯ ಬೇಡ, ಏಕೆಂದರೆ ಅವುಗಳಲ್ಲಿನ ಉತ್ತೇಜಕದ ಅರ್ಧ ಪಾಲು ಸುಮಾರು ಐದು ಗಂಟೆಗಳ ಮೇಲೂ ದೇಹದಲ್ಲಿ ಉಳಿದಿರುತ್ತದೆ. ಹಗಲು ನಿದ್ರೆ ಅನಿವಾರ್ಯವಾದರೆ ಮೂರು ಗಂಟೆಯೊಳಗೆ, ಅರ್ಧ ತಾಸು ಮೀರದಂತೆ. ರಾತ್ರಿ ಸುಮಾರು ಇಪ್ಪತ್ತು ನಿಮಿಷ ನಿದ್ರೆ ಹತ್ತದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಬೇಸರದ ಕೆಲಸವೇನಾದರೂ ಮಾಡಿ, ಕಣ್ಣು ಎಳೆದಾಗ ಮರಳಿ ಬರಬೇಕು. ಗಡಿಯಾರವನ್ನೂ ಮೊಬೈಲನ್ನೂ ಕೈಗೆ ಎಟುಕದಂತಿಡಬೇಕು. ಹಾಸಿಗೆಯಲ್ಲಿ ಇರುವ ಅವಧಿಯನ್ನೇ ಕಡಿತಗೊಳಿಸುವ ಇನ್ನೊಂದು ಕ್ರಮವೂ ಉಂಟು. ಪೆಟ್ಟಿನ ಅನಂತರ ಮೂರ್ಛೆ ಅಥವಾ ಫಿಟ್ಸ್ ಬಂದಿದ್ದವರು ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಕೈಗೊಳ್ಳಕೂಡದು, ನಿದ್ರೆಯ ಕೊರತೆಯಿಂದ ಫಿಟ್ಸ್ ಮರುಕಳಿಸುವ ಸಂಭವವಿದೆ.

ಗ್ರಾಮದಲ್ಲಿ ಈ ನಿಯಮಗಳಿಗೆ ಅಡ್ಡಿ ಬರುವುದು ಎರಡು ಕಡೆಯಿಂದ. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬಂದರೆ ಹೊಲಕ್ಕೆ ನೀರು ಬಿಡಲು ಹೋಗಲೇಬೇಕು. ನಿವೃತ್ತರಾದ ಮೇಲೆ ಕಾವಲುಗಾರರಾಗಿ ಸೇರಿದವರಿಗೆ ರಾತ್ರಿ ಪಾಳಿಯ ಕೆಲಸ. ತಲೆಯ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವವರು ಆದಷ್ಟು ಹಗಲು ಪಾಳಿಯನ್ನೇ ಕೇಳಿ ಪಡೆಯಬೇಕು. ವೈದ್ಯರ ಪತ್ರ ಇದಕ್ಕೆ ಸಹಾಯವಾದೀತು. ನೀರಿನ ಸರದಿಯನ್ನು ಅಣ್ಣತಮ್ಮಂದಿರಲ್ಲಿ ಹಂಚಿಕೊಳ್ಳುವುದು ಮನೆಯ ಹಿರಿಯರ ಹೊಣೆ.

ಮದ್ಯದ ವಿಷಯದಲ್ಲಿ ಮುಚ್ಚುಮರೆ ಬೇಡ. ಕ್ಯಾಂಟೀನಿನ ರಮ್ಮು ನಿದ್ರೆ ಬರಿಸುತ್ತದೆಂಬ ನಂಬಿಕೆ ಬಲವಾಗಿದೆ. ಅದು ಮೊದಲ ಎರಡು ಗಂಟೆ ಮಂಪರು ತರುತ್ತದೆ, ಅನಂತರ ನಿದ್ರೆಯನ್ನು ಚೂರುಚೂರು ಮಾಡುತ್ತದೆ. ಪೆಟ್ಟಾದ ಮಿದುಳಿಗೆ ಅದರ ಅಮಲು ಬೇಗ ಏರುತ್ತದೆ. ಬಹಳ ಕಾಲದಿಂದ ಪ್ರತಿದಿನ ಕುಡಿಯುವವರು ಏಕಾಏಕಿ ನಿಲ್ಲಿಸಿದರೂ ಅಪಾಯವುಂಟಾಗಬಹುದು. ವೈದ್ಯರ ನಿಗಾದಲ್ಲಿಯೇ ಬಿಡಬೇಕು. ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ನಿದ್ರೆಯ ಮಾತ್ರೆಗಳೂ ಹೀಗೆಯೇ: ಮರೆವನ್ನು ಹೆಚ್ಚಿಸುತ್ತವೆ, ರೂಢಿಯಾಗಿ ಬಿಡುತ್ತವೆ. ತಲೆನೋವಿನ ಮಾತ್ರೆಯನ್ನು ದಿನವೂ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗುವುದುಂಟು.

ಪತ್ನಿಯರಿಗೆ ಕೆಲವು ಮಾತು

ಪತಿಯ ನಿದ್ರೆಗೆ ಪತ್ನಿಯೇ ಸಾಕ್ಷಿ. ಮಲಗಿದವರಿಗೆ ತಮ್ಮ ಗೊರಕೆ ತಿಳಿಯದು. ಅವರು ಜೋರಾಗಿ ಗೊರಕೆ ಹೊಡೆಯುತ್ತ, ನಡುವೆ ಉಸಿರು ನಿಂತು, ಆಮೇಲೆ ಏದುಸಿರಿನೊಡನೆ ಎಚ್ಚರಗೊಳ್ಳುತ್ತಿದ್ದರೆ, ಅದು ಉಸಿರುಕಟ್ಟುವ ನಿದ್ರಾರೋಗವಿರಬಹುದು. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಇದು ಸಾಮಾನ್ಯ. ಇದಕ್ಕೆ ಯೋಗನಿದ್ರೆಯಾಗಲಿ ಸೇತುವೆಯಾಗಲಿ ಮದ್ದಲ್ಲ, ಬೇರೆಯೇ ಚಿಕಿತ್ಸೆಯಿದೆ. ನೀವು ಕಂಡುದನ್ನು ವೈದ್ಯರ ಮುಂದೆ ನೀವೇ ಹೇಳಬೇಕು. ‘ಅವರೇ ಹೇಳಲಿ’ ಎಂದು ಬಾಗಿಲ ಹೊರಗೆ ಕುಳಿತರೆ ರೋಗ ಒಳಗೆ ಹೋಗುವುದಿಲ್ಲ.

ಕೆಟ್ಟ ಕನಸಿನಿಂದ ಕೂಗಿಕೊಂಡಾಗ ಮೈ ಹಿಡಿದು ಅಲುಗಿಸಬೇಡಿ. ಆ ಕ್ಷಣದಲ್ಲಿ ಅವರು ಹಾಸಿಗೆಯಲ್ಲಿಲ್ಲ, ಗಡಿಯಲ್ಲಿದ್ದಾರೆ. ಮುಟ್ಟಿದ ಕೈಯನ್ನು ಶತ್ರುವಿನ ಕೈಯೆಂದು ತಿಳಿದು ಹೊಡೆದಾರು. ಪಾದದ ಕಡೆ ನಾಲ್ಕು ಹೆಜ್ಜೆ ದೂರ ನಿಂತು, ದೀಪ ಹಾಕಿ, ಸಮಾಧಾನದ ದನಿಯಲ್ಲಿ ಕರೆಯಿರಿ. ಗಂಡನ ಹೆಸರು ಹೇಳುವ ರೂಢಿ ಹಲವು ಮನೆಗಳಲ್ಲಿ ಇಲ್ಲ. ಬರಿಯ ‘ರೀ’ ಎಂಬ ಕೂಗು ನಿದ್ರೆಯ ಆಳಕ್ಕೆ ಮುಟ್ಟದಿದ್ದರೆ ಮಗುವಿನ ಹೆಸರಿನೊಡನೆ ‘ಇಂಥವಳ ಅಪ್ಪಾ’ ಎಂದು ಕರೆಯಿರಿ. ‘ನಾವು ಮನೆಯಲ್ಲಿದ್ದೇವೆ, ಮಕ್ಕಳು ಮಲಗಿದ್ದಾರೆ’ ಎಂದು ಹೇಳಿ. ಪೂರ್ತಿ ಎಚ್ಚರವಾದ ಮೇಲೆ ನೀರು ಕೊಡಿ. ಕನಸು ಏನೆಂದು ಆಗಲೇ ಕೆದಕುವುದು ಬೇಡ. ಪದೇ ಪದೇ ಬರುವ ಕನಸಿನ ಕೊನೆಯನ್ನು ಹಗಲಿನಲ್ಲಿ ಬೇರೆಯಾಗಿ ಕಲ್ಪಿಸಿಕೊಂಡು ದಿನವೂ ಮನಸ್ಸಿನಲ್ಲಿ ಅಭ್ಯಾಸ ಮಾಡುವ ಚಿಕಿತ್ಸೆಯೊಂದಿದೆ. ಅದನ್ನು ತರಬೇತಾದ ಸಲಹೆಗಾರರಿಂದ ಕಲಿಯಬಹುದು.

ರಾತ್ರಿ ಕೈಕಾಲು ಬೀಸುವ ದಿನಗಳಲ್ಲಿ ನೀವೂ ಕೂಸೂ ಬೇರೆ ಹಾಸಿಗೆಯಲ್ಲಿ ಮಲಗುವುದರಲ್ಲಿ ತಪ್ಪಿಲ್ಲ. ಇದು ಮುನಿಸಲ್ಲವೆಂದು ಮೊದಲೇ ಮಾತಾಡಿಕೊಂಡಿದ್ದರೆ ಇಬ್ಬರಿಗೂ ನೋವಾಗದು. ನಿದ್ರೆಗೆಟ್ಟವರಲ್ಲಿ ದಾಂಪತ್ಯದ ಆಸಕ್ತಿ ಕುಗ್ಗುವುದೂ ಸಹಜ. ಅದನ್ನು ತಿರಸ್ಕಾರವೆಂದು ತಿಳಿಯಬೇಡಿ, ವೈದ್ಯರಲ್ಲಿ ಹೇಳಲು ಸಂಕೋಚಪಡಬೇಡಿ. ದೀಪಾವಳಿಯ ಪಟಾಕಿ, ಕಲ್ಲುಕ್ವಾರಿಯ ಸಿಡಿಮದ್ದು, ಕಾಡಂಚಿನ ಊರುಗಳಲ್ಲಿ ಆನೆ ಅಟ್ಟಲು ಸಿಡಿಸುವ ಗರ್ನಾಲು ಇವುಗಳಿಂದ ಅಂದಿನ ರಾತ್ರಿ ಕೆಡುವುದು ಖಂಡಿತ. ಯಾವಾಗ ಸಿಡಿಸುತ್ತಾರೆಂದು ಮುಂದಾಗಿ ತಿಳಿಸಿದರೆ ಅರ್ಧ ಬಾಧೆ ಕಡಿಮೆಯಾಗುತ್ತದೆ.

ನಿಮ್ಮ ನಿದ್ರೆಯೂ ಕೆಟ್ಟಿರುತ್ತದೆಂಬುದನ್ನು ಯಾರೂ ಕೇಳುವುದಿಲ್ಲ. ವಾರಕ್ಕೆ ಒಂದೆರಡು ರಾತ್ರಿ ಅತ್ತೆಯವರೋ ಮೈದುನನೋ ಎಚ್ಚರವಿದ್ದು ನೀವು ನಿಶ್ಚಿಂತೆಯಿಂದ ಮಲಗುವ ಏರ್ಪಾಡು ಅಗತ್ಯ. ಸಿಡುಕು ರೋಗದ ಲಕ್ಷಣವೆಂದು ಮೇಲೆ ಹೇಳಿದೆವು. ಹೊಡೆತ ಬಡಿತಗಳನ್ನು ಸಹಿಸಬೇಕೆಂದು ಅದರ ಅರ್ಥವಲ್ಲ. ಕೈ ಮೇಲೆದ್ದರೆ ಮಕ್ಕಳೊಡನೆ ಸುರಕ್ಷಿತ ಸ್ಥಳಕ್ಕೆ ಹೋಗಿ ಸಹಾಯ ಕೇಳಿ.

ಮನೆಯಲ್ಲಿ ಕೋವಿ ಇದ್ದರೆ ಇನ್ನೊಂದು ಮುಖ್ಯ ಕೆಲಸವಿದೆ. ನಿದ್ರೆಯಿಲ್ಲದೆ, ಆಸೆಯಿಲ್ಲದೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದ ದಿನವೇ ಕೋವಿಯನ್ನೂ ತೋಟಾಗಳನ್ನೂ ಕಾನೂನುಬದ್ಧವಾಗಿ ಬೇರೆಡೆ ಇರಿಸುವ ಏರ್ಪಾಡು ಮಾಡಿ. ಪೊಲೀಸ್ ಠಾಣೆಯಲ್ಲಿ ವಿಚಾರಿಸಿದರೆ ಕ್ರಮ ತಿಳಿಸುತ್ತಾರೆ. ಹೊಲದ ಕೀಟನಾಶಕಗಳಿಗೂ ಬೀಗ ಬೀಳಲಿ. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಟೆಲಿ ಮಾನಸ್ ಸಲಹೆಗಾರರು ಕನ್ನಡದಲ್ಲಿಯೇ ಮಾತಾಡುತ್ತಾರೆ. 2022ರಲ್ಲಿ ಆರಂಭವಾದ ಈ ಸೇವೆಗೆ ಹಣ ಕೊಡಬೇಕಾಗಿಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿಗೆ. ಹೋಗುವ ಮುನ್ನ ಎರಡು ವಾರ ಒಂದು ನೋಟು ಪುಸ್ತಕದಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದ ಸಲ, ಕುಡಿದ ಚಹಾ, ತಲೆನೋವು ಇವನ್ನು ಬರೆದಿಡಿ. ಈ ಒಂದು ಪುಸ್ತಕ ಹತ್ತು ಮಾತಿನ ಕೆಲಸ ಮಾಡುತ್ತದೆ. ಪೆಟ್ಟು ಬಿದ್ದ ವರ್ಷ, ಎಚ್ಚರ ತಪ್ಪಿದ ಅವಧಿ, ಸೈನ್ಯದ ಆಸ್ಪತ್ರೆಯ ಕಾಗದಗಳಿದ್ದರೆ ಅವು ಕೂಡ ಜೊತೆಯಲ್ಲಿರಲಿ. ಅಲ್ಲಿಂದ ಅಗತ್ಯವಿದ್ದಂತೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕಳುಹಿಸಿಕೊಡುತ್ತಾರೆ. 1974ರಲ್ಲಿ ಈ ರೂಪ ತಾಳಿದ ನಿಮ್ಹಾನ್ಸಿನಲ್ಲಿ ನರರೋಗ, ಮನೋರೋಗ, ಯೋಗ ಈ ಮೂರರ ವಿಭಾಗಗಳೂ ಒಂದೇ ಆವರಣದಲ್ಲಿವೆ. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಯೋಜನೆಯ ಪಾಲಿಕ್ಲಿನಿಕ್ಕುಗಳಿವೆ. ಕಾಗದಪತ್ರದ ತೊಡಕುಗಳಿಗೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು.

ತಲೆಗೆ ಹೊಸದಾಗಿ ಪೆಟ್ಟು ಬಿದ್ದಾಗ ಮಾತ್ರ ಈ ಯಾವ ನಿಧಾನವೂ ಸಲ್ಲದು. ಮೇಲಿಂದ ಮೇಲೆ ವಾಂತಿ, ಕ್ಷಣಕ್ಷಣಕ್ಕೆ ಏರುವ ತಲೆನೋವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಫಿಟ್ಸ್, ಮಾತು ತೊದಲುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಮೂಗು ಕಿವಿಗಳಿಂದ ನೀರಿನಂತಹ ದ್ರವ ಸೋರುವುದು, ಎಬ್ಬಿಸಿದರೆ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಹಿಂದೆ ಪೆಟ್ಟು ಬಿದ್ದವರಿಗೆ ಎರಡನೆಯ ಪೆಟ್ಟು ಹೆಚ್ಚು ಕೆಡುಕು ಮಾಡುತ್ತದೆ. ಮೋಟಾರ್ ಸೈಕಲ್ ಹತ್ತುವಾಗ, ಹೊಲದವರೆಗಿನ ಒಂದು ಮೈಲಿಯ ದಾರಿಯಾದರೂ, ಶಿರಸ್ತ್ರಾಣ ಧರಿಸಬೇಕು; ಹಿಂದೆ ಕುಳಿತ ಪತ್ನಿಯೂ ಧರಿಸಬೇಕು.

ದಂಪತಿಗಳು ಕೇಳುವ ಪ್ರಶ್ನೆಗಳು

‘ಎಷ್ಟು ದಿನಕ್ಕೆ ಗುಣ ಕಾಣುತ್ತದೆ?’ ಮೊದಲ ವಾರದಲ್ಲಿ ಎದ್ದು ಕೂರುವುದು ಹೆಚ್ಚಾದಂತೆ ತೋರಿದರೂ ಆಶ್ಚರ್ಯವಿಲ್ಲ. ದಿನವೂ ಅಭ್ಯಾಸ ಮಾಡಿದರೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳೊಳಗೆ ವ್ಯತ್ಯಾಸ ತಿಳಿಯುತ್ತದೆ. ತಿಳಿಯದಿದ್ದರೆ ಬೇರೆ ಕಾರಣವಿದೆಯೇ ಎಂದು ವೈದ್ಯರು ನೋಡಬೇಕು.

‘ಅಭ್ಯಾಸ ಶುರುಮಾಡಿದ ಮೇಲೆ ಮಾತ್ರೆಗಳನ್ನು ಬಿಡಬಹುದೇ?’ ವೈದ್ಯರು ಕೊಟ್ಟ ಮಾತ್ರೆಯನ್ನು ವೈದ್ಯರೇ ಬಿಡಿಸಬೇಕು. ಫಿಟ್ಸಿನ ಮಾತ್ರೆಯನ್ನಂತೂ ಒಂದು ಹೊತ್ತೂ ತಪ್ಪಿಸಕೂಡದು.

‘ಹೆಂಡತಿಯ ಮುಂದೆ ಚಾಪೆಯ ಮೇಲೆ ಮಲಗಿ ಬೆರಳೆಣಿಸುವುದು ಗಂಡಸಿಗೆ ಭೂಷಣವೇ?’ ಪೆರೇಡಿನಲ್ಲಿ ಉಸ್ತಾದರು ‘ವಿಶ್ರಾಮ್’ ಎಂದಾಗ ಕಾಲು ಸಡಿಲಿಸಿ ನಿಂತವರೇ ಅವರು. ಅದೂ ಕವಾಯತಿನ ಒಂದು ಭಾಗವೇ ಆಗಿತ್ತು. ಆ ಆಜ್ಞೆಯನ್ನು ಈಗ ಮನೆಯಲ್ಲಿ ಪತ್ನಿ ಮೆಲುದನಿಯಲ್ಲಿ ಹೇಳುತ್ತಾರೆ, ಅಷ್ಟೆ. ರಾತ್ರಿಯ ಊಟವಾಗಿ ಒಂದು ಗಂಟೆಯ ಮೇಲೆ, ಮಕ್ಕಳು ಮಲಗಿದ ಬಳಿಕ, ಬಲಗೈ ಹೆಬ್ಬೆರಳಿನಿಂದ ಆರಂಭಿಸಿರಿ.